ಕೆನಡಿ ಹತ್ಯೆ: ಆ ಸೆಕೆಂಡುಗಳನ್ನು ಎಲ್ಲಿಂದ ಎಣಿಸಬೇಕು?

1963ರ ನವೆಂಬರ್ 22, ಮಧ್ಯಾಹ್ನ 12.30. ಅಮೆರಿಕದ ಡಲ್ಲಾಸ್ ನಗರದ ಡೀಲಿ ಪ್ಲಾಜಾದಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ತೆರೆದ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡು ಹಾರಿತು. ಈ ವಿಷಯ ಎಲ್ಲೇ ಚರ್ಚೆಗೆ ಬಂದರೂ ಒಂದು ವಾದ ತಪ್ಪದೇ ಬರುತ್ತದೆ: "5.6 ಸೆಕೆಂಡಿನಲ್ಲಿ ಒಬ್ಬನೇ ಮನುಷ್ಯ ಆ ಹಳೇ ಬಂದೂಕಿನಿಂದ ಮೂರು ಗುಂಡು ಹೊಡೆಯೋಕೆ ಆಗುತ್ತಾ?" ಆಗಲ್ಲ ಅಂದರೆ ಇನ್ನೊಬ್ಬ ಇದ್ದ. ಇನ್ನೊಬ್ಬ ಇದ್ದ ಅಂದರೆ ಒಳಸಂಚು. ವಾದ ಅಷ್ಟೇ ಚಿಕ್ಕದು, ಅಷ್ಟೇ ಬಲವಾಗಿಯೂ ಕೇಳಿಸುತ್ತದೆ.

ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ 5.6 ಅನ್ನುವ ಸಂಖ್ಯೆಯನ್ನು ಯಾರೂ ಅವತ್ತು ಅಲ್ಲಿ ನಿಂತು ಅಳೆದಿಲ್ಲ. ಅದು ಲೆಕ್ಕದಿಂದ ಬಂದದ್ದು. ಲೆಕ್ಕದ ಒಂದು ತುದಿ ಗಟ್ಟಿಯಾಗಿದೆ, ಇನ್ನೊಂದು ತುದಿ ಊಹೆಯ ಮೇಲೆ ನಿಂತಿದೆ. ಅರವತ್ತು ವರ್ಷಗಳ ಜಗಳದ ಬಹುಪಾಲು ಆ ಎರಡನೇ ತುದಿಯ ಬಗ್ಗೆಯೇ.

ಈ ಲೆಕ್ಕಕ್ಕೆ ಆಧಾರ ಒಂದು ಪುಟ್ಟ ಸಿನಿಮಾ. ಅಬ್ರಹಾಂ ಜಪ್ರೂಡರ್ ಎಂಬ ಬಟ್ಟೆ ವ್ಯಾಪಾರಿ ಅಧ್ಯಕ್ಷರ ಮೆರವಣಿಗೆ ನೋಡಲು ತನ್ನ ಬೆಲ್ ಅಂಡ್ ಹೋವೆಲ್ ಕ್ಯಾಮೆರಾ ತಂದಿದ್ದ. ರಸ್ತೆ ಪಕ್ಕದ ಒಂದು ಕಾಂಕ್ರೀಟ್ ಕಟ್ಟೆಯ ಮೇಲೆ ಹತ್ತಿ ನಿಂತ. ಎತ್ತರ ಅಂದರೆ ಅವನಿಗೆ ತಲೆ ಸುತ್ತು, ಹಾಗಾಗಿ ಅವನ ಕಚೇರಿಯ ಸಹಾಯಕಿ ಹಿಂದೆ ನಿಂತು ಹಿಡಿದುಕೊಂಡಿದ್ದಳು. ಅವನು ತೆಗೆದ 8 ಮಿಲಿಮೀಟರ್ ಫಿಲ್ಮಿನಲ್ಲಿ ಇರುವುದು 486 ಫ್ರೇಮ್. ಓಡಿಸಿದರೆ 26 ಸೆಕೆಂಡು ಚಿಲ್ಲರೆ. ಶಬ್ದ ಇಲ್ಲ. ಇದನ್ನು ನೆನಪಿಡಿ, ಏಕೆಂದರೆ ಎಲ್ಲ ತಕರಾರಿನ ಬೇರು ಇಲ್ಲೇ ಇದೆ. ಗುಂಡಿನ ಸಮಯ ಹೇಳಬೇಕಾದ ಸಾಕ್ಷಿಗೆ ಗುಂಡಿನ ಸದ್ದೇ ಕೇಳಿಸುವುದಿಲ್ಲ.

ಆ ಕ್ಯಾಮೆರಾ ಕೀ ಕೊಟ್ಟು ಓಡಿಸುವ ಸ್ಪ್ರಿಂಗ್ ಯಂತ್ರ. ಎಫ್‌ಬಿಐ ಅದನ್ನು ಪರೀಕ್ಷಿಸಿ, ಸೆಕೆಂಡಿಗೆ ಸರಾಸರಿ 18.3 ಫ್ರೇಮ್ ಓಡುತ್ತದೆ ಎಂದು ಹೇಳಿತು. ಅಂದರೆ ಒಂದು ಫ್ರೇಮ್ ಒಂದು ಸೆಕೆಂಡಿನ ಹದಿನೆಂಟನೇ ಒಂದು ಭಾಗ. ಫ್ರೇಮುಗಳನ್ನು ಎಣಿಸಿ, 18.3ರಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ಕೆನಡಿ ಕಾರಿನ ವೇಗ ಗಂಟೆಗೆ 11.2 ಮೈಲಿ, ಅಂದರೆ ಸುಮಾರು 18 ಕಿಲೋಮೀಟರ್ ಎಂದು ಗೊತ್ತಾದದ್ದೂ ಹೀಗೆಯೇ. 161ನೇ ಫ್ರೇಮಿನಿಂದ 313ನೇ ಫ್ರೇಮಿನವರೆಗೆ ಕಾರು 136 ಅಡಿ ಸಾಗಿದೆ. ನಡುವೆ ಇರುವುದು 152 ಫ್ರೇಮ್, ಅಂದರೆ 8.3 ಸೆಕೆಂಡು.

ಈಗ ಗಟ್ಟಿ ತುದಿ. 313ನೇ ಫ್ರೇಮಿನಲ್ಲಿ ಕೆನಡಿಯ ತಲೆಗೆ ಗುಂಡು ತಗಲಿದ್ದು ಕಣ್ಣಿಗೆ ಕಾಣುತ್ತದೆ. 312ರಲ್ಲಿ ಇಲ್ಲ, 313ರಲ್ಲಿ ಇದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಒಳಸಂಚು ಇತ್ತು ಎನ್ನುವವರೂ ಇಲ್ಲ ಎನ್ನುವವರೂ ಇಲ್ಲಿಂದಲೇ ಶುರು ಮಾಡುತ್ತಾರೆ.

ತಲೆಗೆ ಬಿದ್ದ ಏಟಿಗಿಂತ ಮುಂಚೆ ಕೆನಡಿಗೆ ಇನ್ನೊಂದು ಗುಂಡು ಬಿದ್ದಿತ್ತು. ಬೆನ್ನಿನ ಮೇಲ್ಭಾಗದಲ್ಲಿ ಹೊಕ್ಕು ಗಂಟಲಿನಿಂದ ಹೊರಬಂತು. ಅದು ಯಾವ ಫ್ರೇಮಿನಲ್ಲಿ? ಇಲ್ಲೇ ಒಂದು ದೊಡ್ಡ ದುರದೃಷ್ಟ. ಜಪ್ರೂಡರ್ ಮತ್ತು ಕಾರಿನ ನಡುವೆ ಹೆದ್ದಾರಿಯ ದಾರಿ ತೋರಿಸುವ ಒಂದು ಫಲಕ ಅಡ್ಡ ಬರುತ್ತದೆ. ಕೆನಡಿ 207ರ ಸುಮಾರಿಗೆ ಅದರ ಹಿಂದೆ ಮರೆಯಾಗುತ್ತಾರೆ. 225ರ ಹೊತ್ತಿಗೆ ಮತ್ತೆ ಕಾಣಿಸಿಕೊಂಡಾಗ ಕೈಗಳು ಗಂಟಲಿನ ಕಡೆ ಏಳುತ್ತಿವೆ. ನಮಗೆ ಬೇಕಾದ ಕ್ಷಣವೇ ಒಂದು ತಗಡಿನ ಫಲಕದ ಹಿಂದೆ ಕಳೆದುಹೋಗಿದೆ.

ಹತ್ಯೆಯ ತನಿಖೆ ಮಾಡಿ 1964ರಲ್ಲಿ ವರದಿ ಕೊಟ್ಟ, ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ನೇತೃತ್ವದ ಆಯೋಗ ಇನ್ನೊಂದು ಸಂಗತಿ ಸೇರಿಸಿತು. ಲೀ ಹಾರ್ವೆ ಆಸ್ವಾಲ್ಡ್ ಗುಂಡು ಹಾರಿಸಿದ ಎನ್ನಲಾದ, ಪುಸ್ತಕ ಗೋದಾಮಿನ ಆರನೇ ಅಂತಸ್ತಿನ ಕಿಟಕಿಯಿಂದ ನೋಡಿದರೆ ಒಂದು ಓಕ್ ಮರ ಅಡ್ಡ ಬರುತ್ತದೆ. 166ರಿಂದ 210ರವರೆಗೆ, ಮಧ್ಯೆ 186ರ ಹತ್ತಿರ ಎಲೆಗಳ ಸಂದಿಯಲ್ಲಿ ಒಂದು ಕ್ಷಣ ಬಿಟ್ಟರೆ, ಕೆನಡಿ ಆ ಮರದ ಮರೆಯಲ್ಲಿದ್ದರು. ಹಾಗಾದರೆ ಮೊದಲ ಏಟು 210 ಮತ್ತು 225ರ ನಡುವೆ ಬಿದ್ದಿರಬೇಕು ಎಂದು ಆಯೋಗ ಲೆಕ್ಕ ಹಾಕಿತು. 210ರಿಂದ 313ಕ್ಕೆ 103 ಫ್ರೇಮ್. ಭಾಗಿಸಿ ನೋಡಿ: 5.6 ಸೆಕೆಂಡು. 225ರಿಂದ ಎಣಿಸಿದರೆ 4.8.

ಆ ಪ್ರಸಿದ್ಧ ಸಂಖ್ಯೆ ಹುಟ್ಟಿದ್ದು ಇಲ್ಲಿ. ಅದು ಕೆನಡಿಗೆ ತಗಲಿದ ಎರಡು ಏಟುಗಳ ನಡುವಿನ ಅಂತರ. ಮೂರೂ ಗುಂಡು ಹಾರಿದ ಒಟ್ಟು ಸಮಯ ಅಲ್ಲ. ಉಳಿದ ಇನ್ನೊಂದು ಗುಂಡು ಈ ಎರಡರ ಮಧ್ಯೆ ಹಾರಿ ಗುರಿ ತಪ್ಪಿದ್ದರೆ ಮಾತ್ರ ಎಲ್ಲವೂ 5.6 ಸೆಕೆಂಡಿನೊಳಗೆ ಮುಗಿಯಬೇಕು. ಗುರಿ ತಪ್ಪಿದ್ದು ಮೊದಲ ಗುಂಡು ಅಥವಾ ಕೊನೆಯದು ಆಗಿದ್ದರೆ ಕನಿಷ್ಠ 7.1ರಿಂದ 7.9 ಸೆಕೆಂಡು ಆಗುತ್ತದೆ ಎಂದು ಅದೇ ವರದಿ ಹೇಳುತ್ತದೆ. ಗುರಿ ತಪ್ಪಿದ್ದು ಯಾವುದು ಎಂದು ಆಯೋಗ ತೀರ್ಮಾನಿಸಲೇ ಇಲ್ಲ. ಇಷ್ಟು ಮುಖ್ಯವಾದ ಮಾತು ಜನರ ನೆನಪಿನಿಂದ ಜಾರಿಹೋಯಿತು. ಉಳಿದದ್ದು 5.6 ಮಾತ್ರ.

ಇನ್ನೊಂದು ತಪ್ಪು ಎಣಿಕೆ ಕೂಡ ಜಾಸ್ತಿ ಓಡಾಡುತ್ತದೆ. ಮೂರು ಗುಂಡು, 5.6 ಸೆಕೆಂಡು, ಅಂದರೆ ಒಂದಕ್ಕೆ 1.9 ಸೆಕೆಂಡು ಎಂದು ಭಾಗಿಸುತ್ತಾರೆ. ಮೂರು ಕಂಬ ನೆಟ್ಟರೆ ನಡುವೆ ಇರುವ ಜಾಗ ಎರಡೇ ಅಲ್ವಾ? ಸಮಯ ಶುರುವಾಗುವುದೇ ಮೊದಲ ಗುಂಡಿನಿಂದ. ಆ ಗುಂಡು ಬಂದೂಕಿನೊಳಗೆ ಸಿದ್ಧವಾಗಿರುತ್ತದೆ, ಗುರಿಯೂ ಹಿಡಿದಾಗಿರುತ್ತದೆ. ಆಮೇಲೆ ಬೇಕಾದದ್ದು ಎರಡು ಸಲ ಬೋಲ್ಟ್ ಎಳೆಯುವಷ್ಟು ಹೊತ್ತು.

ಬಂದೂಕಿನ ವಿಚಾರಕ್ಕೆ ಬರೋಣ. ಅದು ಇಟಲಿಯ 6.5 ಮಿಲಿಮೀಟರ್ ಮಾನ್‌ಲಿಕರ್ ಕಾರ್ಕಾನೊ ರೈಫಲ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಮಾರಿದ ಸೈನ್ಯದ ಹಳೇ ಮಾಲು. ಒಂದು ಗುಂಡು ಹೊಡೆದ ಮೇಲೆ ಬೋಲ್ಟಿನ ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆ ಎಳೆಯಬೇಕು. ಖಾಲಿ ಚಿಪ್ಪು ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸ ಗುಂಡು ಒಳಗೆ ಕೂರುತ್ತದೆ. ಹಿಡಿಯನ್ನು ಕೆಳಗೆ ಒತ್ತಿ, ಮತ್ತೆ ಗುರಿ ಹಿಡಿದು, ಟ್ರಿಗರ್ ಒತ್ತಬೇಕು. ಎಫ್‌ಬಿಐ ತಜ್ಞ ರಾಬರ್ಟ್ ಫ್ರೇಜಿಯರ್ ಇದನ್ನು ಮಾಡಿ ನೋಡಿ, ಎರಡು ಗುಂಡುಗಳ ನಡುವೆ ಕನಿಷ್ಠ 2.3 ಸೆಕೆಂಡು ಬೇಕು ಎಂದ. ಅಂದರೆ 42 ಫ್ರೇಮ್. ಎರಡು ಅಂತರಕ್ಕೆ 4.6 ಸೆಕೆಂಡು.

ಇಷ್ಟೇ ಆಗಿದ್ದರೆ ಗಲಾಟೆ ಅಲ್ಲಿಗೇ ಮುಗಿಯುತ್ತಿತ್ತು. ಆಯೋಗಕ್ಕೆ ನಿಜವಾಗಿ ತಲೆನೋವು ತಂದದ್ದು ಕಾರಿನಲ್ಲಿದ್ದ ಇನ್ನೊಬ್ಬ ವ್ಯಕ್ತಿ, ಟೆಕ್ಸಾಸ್ ಗವರ್ನರ್ ಜಾನ್ ಕಾನಲಿ.

ಕಾನಲಿ ಕೆನಡಿಯ ಮುಂದಿನ ಮಡಚುವ ಸೀಟಿನಲ್ಲಿ ಕೂತಿದ್ದರು. ಅವರ ಬೆನ್ನು, ಎದೆ, ಬಲ ಮಣಿಕಟ್ಟು, ಎಡ ತೊಡೆ ಎಲ್ಲಕ್ಕೂ ಗಾಯ. ಅವರು ಕೂತ ಭಂಗಿ ನೋಡಿದರೆ 240ನೇ ಫ್ರೇಮಿನ ನಂತರ ಆ ಗಾಯ ಆಗಿರಲು ಸಾಧ್ಯವಿಲ್ಲ ಎಂದು ತಜ್ಞರು ಹೇಳಿದರು. ಕೆನಡಿಗೆ ಅತಿ ಬೇಗ ಎಂದರೆ 210ರಲ್ಲಿ ಏಟು. ಕಾನಲಿಗೆ ಅತಿ ತಡ ಎಂದರೆ 240ರಲ್ಲಿ. ನಡುವೆ ಇರುವುದು 30 ಫ್ರೇಮ್, 1.6 ಸೆಕೆಂಡು. ಬೋಲ್ಟ್ ಎಳೆದು ಮತ್ತೆ ಹೊಡೆಯಲು ಬೇಕಾದದ್ದು 2.3.

ಈ ಇಕ್ಕಟ್ಟಿನಿಂದ ಹೊರಬರಲು ಎರಡೇ ದಾರಿ. ಒಂದೋ ಇಬ್ಬರು ಗುಂಡು ಹೊಡೆದರು. ಇಲ್ಲವೇ ಇಬ್ಬರಿಗೂ ತಗಲಿದ್ದು ಒಂದೇ ಗುಂಡು. ಆಯೋಗದ ವಕೀಲ ಆರ್ಲೆನ್ ಸ್ಪೆಕ್ಟರ್ ಎರಡನೆಯದನ್ನು ಮುಂದಿಟ್ಟರು. ಕೆನಡಿಯ ಗಂಟಲಿನಿಂದ ಹೊರಬಂದ ಗುಂಡು ಮುಂದೆ ಕೂತ ಕಾನಲಿಯ ಬೆನ್ನಿಗೆ ಹೊಕ್ಕಿತು ಎಂಬುದು ವಾದ. ವಿರೋಧಿಗಳು ಇದನ್ನು "ಮಾಯಾ ಗುಂಡು" ಎಂದು ಕರೆದರು. ಈ ವಾದಕ್ಕೆ ದಾರಿ ಮಾಡಿಕೊಟ್ಟದ್ದು ಸಮಯದ ಲೆಕ್ಕ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಾಗಂತ ಅದು ಬರೀ ಲೆಕ್ಕ ಹೊಂದಿಸಲು ಮಾಡಿದ ಉಪಾಯ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾನಲಿಯ ಸೀಟು ಕೆನಡಿಯ ಸೀಟಿಗಿಂತ ಸ್ವಲ್ಪ ತಗ್ಗಿನಲ್ಲಿ, ಬಾಗಿಲಿನಿಂದ ಸ್ವಲ್ಪ ಒಳಗೆ ಇತ್ತು. ಗಂಟಲಿನಿಂದ ಹೊರಬಂದ ಗುಂಡು ಹೋಗಿ ಬೀಳಲು ಅವರ ಬೆನ್ನು ಸರಿಯಾಗಿ ದಾರಿಯಲ್ಲೇ ಇತ್ತು. ಜೊತೆಗೆ 224ನೇ ಫ್ರೇಮಿನಲ್ಲಿ ಕಾನಲಿಯ ಕೋಟಿನ ಬಲಗಡೆ ಥಟ್ಟನೆ ಎದ್ದದ್ದು ಕಾಣುತ್ತದೆ. ಕೆನಡಿ ಕೈ ಎತ್ತುವುದೂ ಅದೇ ಹೊತ್ತಿಗೆ. ಇಬ್ಬರೂ ಒಟ್ಟಿಗೆ ಬೆಚ್ಚುತ್ತಾರೆ.

ಕಾನಲಿ ಮಾತ್ರ ಇದನ್ನು ಒಪ್ಪಲಿಲ್ಲ. ಅವರ ಸಾಕ್ಷ್ಯವನ್ನು ನಿಧಾನವಾಗಿ ಓದಬೇಕು. ಮೊದಲ ಗುಂಡಿನ ಸದ್ದು ಕೇಳಿತು, ಅದು ರೈಫಲ್ ಎಂದು ತಕ್ಷಣ ಗೊತ್ತಾಯಿತು, ಬಲಕ್ಕೆ ತಿರುಗಿ ನೋಡಿದೆ, ಅಧ್ಯಕ್ಷರು ಕಾಣಲಿಲ್ಲ, ಎಡಕ್ಕೆ ತಿರುಗಲು ಹೊರಟಾಗ ಬೆನ್ನಿಗೆ ಏಟು ಬಿತ್ತು ಎಂದು ಅವರು ಹೇಳಿದರು. ತನಗೆ ತಗಲಿದ ಗುಂಡಿನ ಸದ್ದು ಕೇಳಲಿಲ್ಲ ಎಂದೂ ಹೇಳಿದರು. ಇದನ್ನು ಸ್ಪೆಕ್ಟರ್ ವಾದದ ವಿರುದ್ಧ ಸಾಕ್ಷಿ ಎಂದು ಬಹಳ ಜನ ಬಳಸಿದ್ದಾರೆ. ಆದರೆ ಅವರು ಖಚಿತವಾಗಿ ಹೇಳಿದ್ದು ಒಂದೇ: ನಾನು ಕೇಳಿದ ಮೊದಲ ಗುಂಡು ನನಗೆ ತಗಲಲಿಲ್ಲ. ಆ ಮೊದಲ ಗುಂಡು ಯಾರಿಗೂ ತಗಲದೆ ಗುರಿ ತಪ್ಪಿದ್ದರೆ? ಆಗ ಅವರ ಮಾತೂ ನಿಲ್ಲುತ್ತದೆ, ಒಂದೇ ಗುಂಡಿನ ವಾದವೂ ನಿಲ್ಲುತ್ತದೆ.

ಸದ್ದು ಕೇಳದೇ ಇದ್ದದ್ದಕ್ಕೂ ಕಾರಣ ಇದೆ. ಆ ಗುಂಡಿನ ವೇಗ ಸೆಕೆಂಡಿಗೆ ಎರಡು ಸಾವಿರ ಅಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. ಗುಂಡು ಬಿದ್ದ ಮೇಲೆ ಬಂದೂಕಿನ ಸದ್ದು ತಲುಪುತ್ತದೆ. ಎದೆ ಸೀಳಿದ ಏಟಿನಲ್ಲಿ ಆ ಸದ್ದು ಗಮನಕ್ಕೆ ಬರದೇ ಹೋಗಿದ್ದರೆ ಆಶ್ಚರ್ಯ ಇಲ್ಲ.

ಹಾಗಾದರೆ ಮೊದಲ ಗುಂಡು ಯಾವಾಗ ಹಾರಿತು? ಸದ್ದಿಲ್ಲದ ಚಿತ್ರದಲ್ಲಿ ಸದ್ದಿನ ಗುರುತು ಹುಡುಕಬೇಕು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಲೂಯಿ ಆಲ್ವಾರೆಜ್ ಒಂದು ಚಂದದ ಉಪಾಯ ಕಂಡುಕೊಂಡರು. ದಿಢೀರನೆ ದೊಡ್ಡ ಸದ್ದಾದರೆ ಮನುಷ್ಯ ಬೆಚ್ಚುತ್ತಾನೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ಅದೂ ಅದುರುತ್ತದೆ. ಆ ಫ್ರೇಮಿನಲ್ಲಿ ಬೆಳಕಿನ ಚುಕ್ಕೆಗಳು ಗೆರೆಗಳಾಗಿ ಎಳೆದುಕೊಳ್ಳುತ್ತವೆ. ಗೆರೆ ಎಷ್ಟು ಉದ್ದ ಎಂದು ಒಂದೊಂದೇ ಫ್ರೇಮಿನಲ್ಲಿ ಅಳೆದರೆ ಜಪ್ರೂಡರ್ ಬೆಚ್ಚಿದ್ದು ಯಾವಾಗ ಎಂದು ತಿಳಿಯಬಹುದು. 313 ಆದ ಕೂಡಲೇ ದೊಡ್ಡ ಅದುರು ಇದೆ. 227ರ ಹತ್ತಿರ ಒಂದು, 190ರ ಹತ್ತಿರ ಒಂದು, 158ರ ಹತ್ತಿರವೂ ಒಂದು.

ಇದೇ ಈ ವಿಧಾನದ ತೊಂದರೆ ಕೂಡ. ಅದುರುಗಳು ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತವೆ. ಓಡುವ ಕಾರಿನ ಹಿಂದೆ ಕ್ಯಾಮೆರಾ ತಿರುಗಿಸುವ ಮನುಷ್ಯನ ಕೈ ಸುಮ್ನೆ ಕೂಡ ಅದುರುತ್ತದೆ. ಅದಲ್ಲದೆ ಅದುರು ಕಂಡ ಫ್ರೇಮೇ ಗುಂಡು ಹಾರಿದ ಫ್ರೇಮ್ ಅಲ್ಲ. ಶಬ್ದ ನೂರು ಅಡಿ ದಾಟುವಷ್ಟರಲ್ಲಿ ಒಂದೂವರೆ ಫ್ರೇಮಿಗಿಂತ ಜಾಸ್ತಿ ಓಡಿರುತ್ತದೆ. ಕಿವಿಗೆ ಬಿದ್ದದ್ದು ಕೈಗೆ ಇಳಿಯಲು ಇನ್ನಷ್ಟು ಹೊತ್ತು. ಹಾಗಾಗಿ ಕೆಲವು ಫ್ರೇಮ್ ಹಿಂದಕ್ಕೆ ಎಣಿಸಬೇಕು. ಎಷ್ಟು ಹಿಂದಕ್ಕೆ ಎನ್ನುವುದರಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ.

1970ರ ದಶಕದ ಕೊನೆಗೆ ಸದ್ದೇ ಸಿಕ್ಕಿತು ಎಂದು ಎಲ್ಲರೂ ಅಂದುಕೊಂಡರು. ಅಮೆರಿಕದ ಪ್ರತಿನಿಧಿ ಸಭೆ ಹತ್ಯೆಯ ಮರುತನಿಖೆಗೆ ಒಂದು ಸಮಿತಿ ಮಾಡಿತ್ತು. ಡಲ್ಲಾಸ್ ಪೊಲೀಸರ ರೇಡಿಯೋ ಮಾತುಗಳನ್ನು ಆಗ ಡಿಕ್ಟಾಬೆಲ್ಟ್ ಎಂಬ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮುದ್ರಿಸುತ್ತಿದ್ದರು. ಆ ದಿನ ಯಾವುದೋ ಮೋಟರ್‌ಸೈಕಲ್ಲಿನ ಮೈಕಿನ ಗುಂಡಿ ಒತ್ತಿದಂತೆ ಸಿಕ್ಕಿಹಾಕಿಕೊಂಡು, ಐದಾರು ನಿಮಿಷ ಎಂಜಿನ್ ಸದ್ದು ಮುದ್ರಣವಾಗಿತ್ತು. ಅದರಲ್ಲಿ ಕಿವಿಗೆ ಗುಂಡಿನ ಸದ್ದು ಎಂದು ಕೇಳಿಸುವುದು ಏನೂ ಇಲ್ಲ. ಆದರೆ ಯಂತ್ರದಲ್ಲಿ ನೋಡಿದರೆ ಕೆಲವು ಮೊನಚಾದ ಗುರುತುಗಳಿದ್ದವು.

1978ರ ಆಗಸ್ಟಿನಲ್ಲಿ ವಿಜ್ಞಾನಿಗಳು ಡೀಲಿ ಪ್ಲಾಜಾದಲ್ಲಿ ಸಾಲಾಗಿ ಮೈಕ್ ಇಟ್ಟು, ನಿಜವಾದ ಗುಂಡು ಹಾರಿಸಿ, ಕಟ್ಟಡಗಳಿಂದ ಬರುವ ಪ್ರತಿಧ್ವನಿಯ ಮಾದರಿ ಹಿಡಿದರು. ಅದನ್ನು ಡಿಕ್ಟಾಬೆಲ್ಟಿನ ಗುರುತುಗಳ ಜೊತೆ ಹೋಲಿಸಿದರು. ಫಲಿತಾಂಶ: ನಾಲ್ಕು ಗುಂಡು, ಅದರಲ್ಲಿ ಮೂರನೆಯದು ಕಾರಿನ ಮುಂಭಾಗದಲ್ಲಿದ್ದ ಹುಲ್ಲಿನ ದಿಬ್ಬದ ಕಡೆಯಿಂದ. ಅದರ ಸಾಧ್ಯತೆ ಶೇ. 95ರಷ್ಟು ಎಂದು ಇಬ್ಬರು ತಜ್ಞರು ಹೇಳಿದರು. ಸಮಿತಿ ಇದನ್ನು ನಂಬಿ, ಬಹುಶಃ ಒಳಸಂಚು ನಡೆದಿದೆ ಎಂದು 1979ರ ವರದಿಯಲ್ಲಿ ಬರೆಯಿತು. ಈ ಲೆಕ್ಕದಲ್ಲಿ ಮೊದಲ ಎರಡು ಗುಂಡುಗಳ ನಡುವೆ ಇದ್ದದ್ದು ಬರೀ 1.66 ಸೆಕೆಂಡು, ಎರಡೂ ಆಸ್ವಾಲ್ಡನವೇ. ಹಾಗಾದರೆ 2.3 ಸೆಕೆಂಡಿನ ನಿಯಮ? ಬಂದೂಕಿಗೆ ಜೋಡಿಸಿದ ದುರ್ಬೀನು ಬಿಟ್ಟು ಅದರ ಮೇಲಿನ ಕಬ್ಬಿಣದ ಗುರಿಯಲ್ಲೇ ನೋಡಿ ಹೊಡೆದರೆ ಅಷ್ಟು ಬೇಗ ಸಾಧ್ಯ ಎಂದು ಸಮಿತಿ ಹೇಳಿತು. 1964ರಲ್ಲಿ ದಾಟಲಾಗದ ಗೋಡೆಯಂತಿದ್ದ ಸಂಖ್ಯೆ 1979ರಲ್ಲಿ ಸಡಿಲವಾಯಿತು.

ಈ ಇಡೀ ಕಟ್ಟಡಕ್ಕೆ ಏಟು ಕೊಟ್ಟದ್ದು ಒಹಾಯೋದ ಒಬ್ಬ ಡ್ರಮ್ ವಾದಕ. ಪತ್ರಿಕೆಯೊಂದರ ಜೊತೆ ಬಂದ ಪ್ಲಾಸ್ಟಿಕ್ ರೆಕಾರ್ಡಿನಲ್ಲಿ ಆ ಮುದ್ರಿಕೆಯನ್ನು ಅವನು ಮತ್ತೆ ಮತ್ತೆ ಕೇಳಿದ. ಗುಂಡಿನದು ಎನ್ನಲಾದ ಗುರುತುಗಳ ಜಾಗದಲ್ಲೇ ಕ್ಷೀಣವಾಗಿ ಒಂದು ಮಾತು ಕೇಳಿಸಿತು. ಅದು ಡಲ್ಲಾಸಿನ ಶೆರಿಫ್ ಬಿಲ್ ಡೆಕರ್ ಧ್ವನಿ. ತನಿಖೆಯವರು ಬರುವ ತನಕ ಎಲ್ಲವನ್ನೂ ಭದ್ರವಾಗಿಡಿ ಎಂಬ ಅರ್ಥದ ಆಜ್ಞೆ. ಪೊಲೀಸರ ಇನ್ನೊಂದು ವಾಹಿನಿಯಲ್ಲಿ ಹೇಳಿದ ಆ ಮಾತು ತೆರೆದ ಮೈಕಿನ ಮೂಲಕ ಈ ವಾಹಿನಿಗೂ ಸೋರಿತ್ತು. ಡೆಕರ್ ಅದನ್ನು ಹೇಳಿದ್ದು ಹತ್ಯೆಯಾದ ಸುಮಾರು ಒಂದು ನಿಮಿಷದ ನಂತರ. ಹಾಗಾದರೆ ಅದೇ ಕ್ಷಣದಲ್ಲಿ ಮುದ್ರಣವಾದ ಗುರುತುಗಳು ಗುಂಡಿನ ಸದ್ದು ಹೇಗಾದಾವು?

ನಾರ್ಮನ್ ರಾಮ್ಸೆ ನೇತೃತ್ವದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ 1982ರಲ್ಲಿ ಇದನ್ನೇ ಹೇಳಿತು. 2001ರಲ್ಲಿ ಒಬ್ಬ ಸಂಶೋಧಕ ಮತ್ತೆ ಡಿಕ್ಟಾಬೆಲ್ಟ್ ಪರ ಬರೆದ, 2005ರಲ್ಲಿ ಅದಕ್ಕೆ ಉತ್ತರ ಬಂತು. ನನ್ನ ಮಟ್ಟಿಗೆ ಡೆಕರ್ ಧ್ವನಿಯನ್ನು ದಾಟಿ ಹೋಗುವ ದಾರಿ ಕಾಣುವುದಿಲ್ಲ. ಆ ಪಟ್ಟಿಯನ್ನು ಗಡಿಯಾರ ಎಂದು ಬಳಸುವುದನ್ನು ಬಿಡುವುದೇ ಒಳ್ಳೆಯದು.

ಮತ್ತೆ ಫಿಲ್ಮಿಗೇ ಮರಳಬೇಕು. 160ರ ನಂತರದ ಫ್ರೇಮುಗಳನ್ನು ನೋಡಿ. ಕಾನಲಿ ತಟ್ಟನೆ ಬಲಕ್ಕೆ ತಿರುಗುತ್ತಾರೆ, ತಾವೇ ಹೇಳಿದ ಹಾಗೆ. ರಸ್ತೆ ಬದಿಯಲ್ಲಿ ಕೆಂಪು ಸ್ಕರ್ಟ್ ಹಾಕಿದ ಒಬ್ಬ ಹುಡುಗಿ ಕಾರಿನ ಜೊತೆ ಜೊತೆಗೇ ಓಡುತ್ತಿರುತ್ತಾಳೆ. ಅವಳ ಓಟ ನಿಧಾನವಾಗುತ್ತದೆ, ನಿಲ್ಲುತ್ತಾಳೆ, ಗೋದಾಮಿನ ಕಡೆ ಹಿಂದಿರುಗಿ ನೋಡುತ್ತಾಳೆ. ಸದ್ದು ಕೇಳಿ ನಿಂತೆ ಎಂದು ಮುಂದೆ ಅವಳೇ ಹೇಳಿದಳು. ಜಪ್ರೂಡರ್ ಕೈ ಅದುರಿದ 158ರ ಗುರುತನ್ನೂ ಇದಕ್ಕೆ ಸೇರಿಸಿ. ಓಕ್ ಮರ ಅಡ್ಡ ಬರುವುದಕ್ಕೆ ಸ್ವಲ್ಪ ಮುಂಚೆ, 160ರ ಆಸುಪಾಸಿನಲ್ಲಿ, ಮೊದಲ ಗುಂಡು ಹಾರಿ ಗುರಿ ತಪ್ಪಿತು ಎಂದು ಇಟ್ಟುಕೊಂಡರೆ ಎಲ್ಲ ಬೇರೆಯಾಗಿ ಕಾಣುತ್ತದೆ. ಮೊದಲ ಗುಂಡು 160, ಎರಡನೆಯದು 223, ಮೂರನೆಯದು 313. ಮೊದಲ ಅಂತರ 3.4 ಸೆಕೆಂಡು, ಎರಡನೆಯದು 4.9. ಒಟ್ಟು ಎಂಟು ಸೆಕೆಂಡಿಗಿಂತ ಜಾಸ್ತಿ. 1967ರಲ್ಲಿ ಸಿಬಿಎಸ್ ಟಿವಿ ಹನ್ನೊಂದು ಜನ ಬಂದೂಕುಗಾರರಿಂದ ಅದೇ ಜಾತಿಯ ರೈಫಲ್ ಹಿಡಿಸಿ ಚಲಿಸುವ ಗುರಿಗೆ ಹೊಡೆಸಿತ್ತು. ಮೂರು ಗುಂಡಿಗೆ ಅವರು ತೆಗೆದುಕೊಂಡ ಸರಾಸರಿ ಸಮಯ 5.6 ಸೆಕೆಂಡು. ಎಂಟು ಸೆಕೆಂಡು ಸಿಕ್ಕರೆ ಅವಸರವೇ ಇಲ್ಲ.

2007ರಲ್ಲಿ ಪತ್ರಕರ್ತ ಮ್ಯಾಕ್ಸ್ ಹಾಲೆಂಡ್ ಇನ್ನೂ ಹಿಂದಕ್ಕೆ ಹೋದರು. ಜಪ್ರೂಡರ್ ಮೊದಲು ಮೋಟರ್‌ಸೈಕಲ್ಲುಗಳನ್ನು ಚಿತ್ರಿಸಿ ಕ್ಯಾಮೆರಾ ನಿಲ್ಲಿಸಿದ್ದ. 133ನೇ ಫ್ರೇಮಿನಲ್ಲಿ ಮತ್ತೆ ಶುರು ಮಾಡುವಾಗ ಕೆನಡಿ ಕಾರು ಆಗಲೇ ಎಲ್ಮ್ ರಸ್ತೆಗೆ ತಿರುಗಿ ಬಂದಿದೆ. ಮೊದಲ ಗುಂಡು ಹಾರಿದ್ದು ಆ ಬಿಡುವಿನಲ್ಲೇ ಎಂಬುದು ಅವರ ವಾದ. ಹಾಗಾದರೆ ಒಟ್ಟು ಸಮಯ ಹನ್ನೊಂದು ಸೆಕೆಂಡಿನ ಹತ್ತಿರ ಹೋಗುತ್ತದೆ. ಆದರೆ ಕಾನಲಿ ತಿರುಗಿದ್ದೂ ಹುಡುಗಿ ನಿಂತದ್ದೂ ಆಗ ಬಹಳ ತಡವಾದ ಪ್ರತಿಕ್ರಿಯೆ ಆಗುತ್ತವೆ. ನನಗೆ 160 ಹೆಚ್ಚು ಹೊಂದುತ್ತದೆ.

ಇದಕ್ಕೆ ಎದುರು ನಿಲ್ಲುವ ಸಾಕ್ಷಿಯನ್ನೂ ಹೇಳಬೇಕು. ಅಲ್ಲಿದ್ದ ಬಹುಪಾಲು ಜನ ಮೂರು ಗುಂಡು ಕೇಳಿದೆವು ಎಂದರು. ಗೋದಾಮಿನ ಐದನೇ ಅಂತಸ್ತಿನಲ್ಲಿದ್ದ ಹೆರಾಲ್ಡ್ ನಾರ್ಮನ್ ತಲೆ ಮೇಲೆ ಮೂರು ಸಲ ಸಿಡಿದದ್ದನ್ನು, ಬೋಲ್ಟ್ ಎಳೆದ ಸದ್ದನ್ನು, ಚಿಪ್ಪುಗಳು ನೆಲಕ್ಕೆ ಬಿದ್ದದ್ದನ್ನು ಕೇಳಿದ್ದ. ಮೇಲೆ ಸಿಕ್ಕ ಚಿಪ್ಪುಗಳೂ ಮೂರೇ. ಆದರೆ ಬಹಳ ಸಾಕ್ಷಿಗಳು ಇನ್ನೊಂದು ಮಾತು ಹೇಳಿದರು: ಮೊದಲನೆಯದಾದ ಮೇಲೆ ಬಿಡುವಿತ್ತು, ಕೊನೆಯ ಎರಡು ಒಂದರ ಹಿಂದೆ ಒಂದು ಬೇಗ ಬಂದವು. ನಾನು ಮೇಲೆ ಕೊಟ್ಟ ಲೆಕ್ಕದಲ್ಲಿ ಇದು ತಲೆಕೆಳಗು. ಕೊನೆಯ ಅಂತರವೇ ಉದ್ದ.

ಶಬ್ದಕ್ಕಿಂತ ವೇಗದ ಗುಂಡು ಗಾಳಿ ಸೀಳುವಾಗ ಒಂದು ಸಿಡಿತ ಮಾಡುತ್ತದೆ, ಬಂದೂಕಿನ ಬಾಯಿಯ ಸದ್ದು ಆಮೇಲೆ ಬರುತ್ತದೆ, ಸುತ್ತಲಿನ ಕಟ್ಟಡಗಳ ಪ್ರತಿಧ್ವನಿ ಅದಕ್ಕೆ ಸೇರುತ್ತದೆ. ಒಂದೇ ಗುಂಡು ಎರಡರಂತೆ ಕೇಳಿಸಬಹುದು. ಇದು ಒಬ್ಬಿಬ್ಬರ ಗೊಂದಲಕ್ಕೆ ಸರಿಯಾದ ಉತ್ತರ. ಆದರೆ ರಸ್ತೆಯ ಎರಡೂ ಬದಿ, ಕಾರುಗಳಲ್ಲಿ, ಕಟ್ಟಡದ ಕೆಳಗೆ ಹೀಗೆ ಬೇರೆ ಬೇರೆ ಜಾಗದಲ್ಲಿದ್ದ ಅಷ್ಟೊಂದು ಜನ ಒಂದೇ ಬಗೆಯಲ್ಲಿ ತಪ್ಪು ಕೇಳಿಸಿಕೊಂಡರು ಎಂದರೆ ಅಷ್ಟು ಸುಲಭವಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ. 160, 223, 313 ಎಂಬ ಲೆಕ್ಕವನ್ನು ನಂಬುವವರು ಉತ್ತರಿಸಬೇಕಾದ ಅತಿ ಗಟ್ಟಿ ಪ್ರಶ್ನೆ ಇದು. ಬೋಲ್ಟ್ ಎಳೆಯುವ ವೇಗದ ಪ್ರಶ್ನೆಗಿಂತ ಎಷ್ಟೋ ಗಟ್ಟಿ.